ಕಲ್ಲಿಗೆ ಕಂಬಳಿ ಹೊಚ್ಚಿ ಹೋರಿ ಹಿಡಿದದ್ದು

ನಾನು ಮದುವೆ ಫೋಟೋಗ್ರಾಫರ್. ಬಳ್ಳಾರಿಯಲ್ಲಿ ಸ್ಟುಡಿಯೋ ಇಟ್ಟು ಇಪ್ಪತ್ತು ವರ್ಷದ ಹತ್ತಿರ ಆಯ್ತು. ಆಷಾಢ ಬಂತೆಂದರೆ ನಮ್ಮ ಪಾಡು ನಿಮಗೂ ಗೊತ್ತು. ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್, ಉಳಿದ ಹೊತ್ತು ನೊಣ ಹೊಡೆಯೋದು. ಆ ಖಾಲಿ ತಿಂಗಳಲ್ಲಿ ಹತ್ತಿದ ಹುಚ್ಚು ಇದು. ಸಂಗನಕಲ್ಲು ಪಕ್ಕದ ಕಪ್ಪಗಲ್ಲು ಬೆಟ್ಟದ ಕುಟ್ಟುಚಿತ್ರಗಳನ್ನು, ಅಂದರೆ ಹಿಂದಿನವರು ಬಂಡೆ ಮೇಲೆ ಕುಟ್ಟಿಕುಟ್ಟಿ ಮೂಡಿಸಿದ ಚಿತ್ರಗಳನ್ನು, ಸರಿಯಾಗಿ ಕ್ಯಾಮೆರಾದಲ್ಲಿ ಹಿಡಿಯಬೇಕು ಅಂತ. ನಾಲ್ಕು ಆಷಾಢ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಐದನೆಯದರಲ್ಲಿ ಹಿಡಿದೆ. "ಕಲ್ಲಿಗೆ ಪ್ರೀ-ವೆಡ್ಡಿಂಗ್ ಶೂಟ್ ಮಾಡ್ತಾನೆ" ಅಂತ ನಗುತ್ತಿದ್ದ ಗೆಳೆಯರೇ ಈಗ ಪ್ರಿಂಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಬೆಟ್ಟ ಹತ್ತದವರಿಗೆ ಎರಡು ಮಾತು. ಊರಿಂದ ಮೋಕಾ ರಸ್ತೆ ಹಿಡಿದರೆ ಬೈಕಿನಲ್ಲಿ ಅರ್ಧ ಗಂಟೆಯೂ ಬೇಡ. ಬೂದು ಗ್ರಾನೈಟ್ ಗುಂಡುಗಳ ಬೆಟ್ಟದ ನಡುವೆ ಕರಿಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಡಾಲರೈಟ್ ಅದು. ಹೊಸ ಶಿಲಾಯುಗದವರು ಅದರಲ್ಲೇ ಕೊಡಲಿ ಮಾಡುತ್ತಿದ್ದರು, ಅದರ ಮೇಲೇ ಚಿತ್ರವನ್ನೂ ಕುಟ್ಟಿದರು. ಉದ್ದ ಕೊಂಬಿನ, ಹಿಣಿಲಿರುವ ದನಗಳೇ ಜಾಸ್ತಿ. ಅವುಗಳ ಜೊತೆ ಮನುಷ್ಯರು, ಕೆಲವು ಕಡೆ ಕೈಕೈ ಹಿಡಿದು ನಿಂತ ಸಾಲು. ಮಕ್ಕಳಿಗೆ ತೋರಿಸಬಾರದ್ದೂ ಒಂದಿಷ್ಟಿವೆ. ಕುಟ್ಟಿದ ಹೊಸದರಲ್ಲಿ ಬೆಳ್ಳಗೆ ಎದ್ದು ಕಂಡಿರಬೇಕು. ಸಾವಿರಾರು ವರ್ಷದಲ್ಲಿ ಆ ಗಾಯಕ್ಕೂ ಕರಿ ಪೊರೆ ಕಟ್ಟಿದೆ. ಕರಿ ಮೇಲೆ ಕರಿ. ನಮಗೆ ಕಷ್ಟ ಇರೋದೇ ಅಲ್ಲಿ. ನಿಚ್ಚಳವಾಗಿ ಕಾಣೋ ಎಷ್ಟೋ ಚಿತ್ರ ಆಮೇಲಿನವರು ಕುಟ್ಟಿದ್ದು. ಹಳೆಯದು ಕಣ್ಣಿಗೇ ಸಿಗಲ್ಲ.

1892ರಲ್ಲಿ ಫಾಸೆಟ್ ಅನ್ನುವವರು ಇವುಗಳ ಬಗ್ಗೆ ಬರೆದಿದ್ದರು. ಆಗ ತೆಗೆದ ಫೋಟೋಗಳು ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್ಸ್‌ಟಿಟ್ಯೂಟ್‌ನಲ್ಲಿದ್ದು, ಬಹುತೇಕ ಮಾಸಿಹೋಗಿವೆಯಂತೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಲ್ಲಿನ ಮೇಲಿನ ಚಿತ್ರ ಉಳೀತು, ಕಾಗದದ ಮೇಲಿನದು ಹೋಯ್ತು. ನಮ್ಮ ಕಸುಬಿಗೇ ಯಾರೋ ಗುದ್ದಿದ ಹಾಗಾಯ್ತು.

ಮೊದಲ ವರ್ಷ ಹನ್ನೊಂದು ಗಂಟೆ ಬಿಸಿಲಲ್ಲಿ ಹತ್ತಿದೆ. ಬಳ್ಳಾರಿಯಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅನ್ನುತ್ತಾರಲ್ಲ, ಆಷಾಢದಲ್ಲೂ ಮೋಡ ಸರಿದರೆ ಕರಿಕಲ್ಲು ಹೆಂಚಿನ ಹಾಗೆ ಕಾಯುತ್ತೆ. ಕೈ ಊರಿ ಬೊಬ್ಬೆ ಬಂತು. ಇನ್ನೂರು ಫೋಟೋ ತೆಗೆದೆ, ಒಂದರಲ್ಲೂ ದನ ಇಲ್ಲ. ಬರೀ ಕಲ್ಲು ಮಿಂಚುತ್ತಿತ್ತು. ಪೋಲರೈಸರ್ ಫಿಲ್ಟರ್ ಹಾಕಿದರೆ ಮಿಂಚು ಹೋಯ್ತು, ದನ ಮಾತ್ರ ಬರಲಿಲ್ಲ.

ಎರಡನೇ ವರ್ಷ ತಪ್ಪು ಮಾಡಿದೆ, ಒಪ್ಪಿಕೊಳ್ತೀನಿ. ಕಲ್ಲಿಗೆ ನೀರು ಹಾಕಿದೆ. ಸ್ವಲ್ಪ ಕಂಡಿತು, ಎರಡು ನಿಮಿಷದಲ್ಲಿ ಆರಿತು. ಇನ್ನು ಕೆಲವರು ಚಾಕ್‌ಪೀಸ್‌ನಲ್ಲಿ ಗೆರೆ ತಿದ್ದಿ ಫೋಟೋ ತೆಗೆದಿದ್ದಾರೆ, ಅದು ಇನ್ನೂ ಕೆಟ್ಟದ್ದು. ಚಿತ್ರ ಅವರದ್ದಾಗುತ್ತೆ, ಕಲ್ಲಿನದ್ದಲ್ಲ. ಕಲ್ಲು ಮುಟ್ಟದೆ ಆಗುವುದಾದರೆ ಮಾಡೋದು, ಇಲ್ಲಾಂದ್ರೆ ಬಿಡೋದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೂರನೇ ವರ್ಷ ಬೆಳಗಿನ ಓರೆ ಬಿಸಿಲು. ಎಲ್ಲರೂ ಹೇಳಿಕೊಡುವುದು ಇದನ್ನೇ. ಸುಳ್ಳಲ್ಲ, ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಹದಿನೈದು, ಇಪ್ಪತ್ತು ನಿಮಿಷ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಕಲ್ಲುಗಳು ಮೂಲೆಮೂಲೆಗೆ ಮುಖ ಮಾಡಿ ಬಿದ್ದಿವೆ. ಪಶ್ಚಿಮದ ಮುಖಕ್ಕೆ ಬೆಳಗಿನ ಬಿಸಿಲು ತಾಗೋದೇ ಇಲ್ಲ. ಮೇಲಾಗಿ ಆಷಾಢದ ಮೋಡ. ಆರು ದಿನ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೋದರೆ ಸೂರ್ಯ ಸಿಕ್ಕಿದ್ದು ಒಂದು ದಿನ.

ನಾಲ್ಕನೇ ವರ್ಷ ರಾತ್ರಿ ಹೋದೆ. ಎಲ್‌ಇಡಿ ಪ್ಯಾನೆಲ್ ದಿನಕ್ಕೆ ಎಂಟು ನೂರು ಬಾಡಿಗೆ. ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಒಂಬತ್ತೂವರೆಗೆ ಮೇಲಿನ ಕಲ್ಲುಗಳಲ್ಲಿ ಏನೋ ಗುರುಗುಟ್ಟಿತು. "ಮಾಮಾ, ಕರಡಿ" ಅಂದ. ಕರಡಿಯೋ ನಾಯಿಯೋ, ನಾವು ನೋಡಲು ನಿಲ್ಲಲಿಲ್ಲ. ಇಳಿಯುವಾಗ ಪ್ಯಾನೆಲ್ ಕಲ್ಲಿಗೆ ಬಡಿದು ಒಂದು ಮೂಲೆ ಹೋಯ್ತು, ಎರಡು ಸಾವಿರ ದಂಡ. ಅಕ್ಕ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ದಾರಿ ಸಿಕ್ಕಿದ್ದು ಬೆಟ್ಟದಲ್ಲಲ್ಲ, ಊರೊಳಗಿನ ಮ್ಯೂಸಿಯಂನಲ್ಲಿ. ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ನಮ್ಮೂರಲ್ಲೇ ಇದೆ. ಫೂಟ್ ಅಂದರೆ 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಕಲ್ಲಿನ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ. ನಮ್ಮ ಈ ಬೆಟ್ಟಗಳನ್ನೂ ಸುತ್ತಿದವರು. ನಾನು ಅದುವರೆಗೂ ಒಳಗೆ ಕಾಲಿಟ್ಟಿರಲಿಲ್ಲ, ನಾಚಿಕೆಗೇಡು. ಅಲ್ಲಿ ಕಲ್ಲಿನ ಕೊಡಲಿಗಳ ಮುಂದೆ ನಿಂತೆ. ಡಾಲರೈಟ್ ಕೊಡಲಿ ಮಾಡೋದು ಮೂರು ಹಂತದಲ್ಲಿ: ಮೊದಲು ಚಕ್ಕೆ ಎಬ್ಬಿಸೋದು, ಆಮೇಲೆ ಸಣ್ಣಸಣ್ಣಗೆ ಕುಟ್ಟಿ ಉಬ್ಬು ತೆಗೆಯೋದು, ಕೊನೆಗೆ ಉಜ್ಜಿ ನಯ ಮಾಡೋದು. ಒಂದು ಕೊಡಲಿಯ ಬಾಯಿ ನಯವಾಗಿತ್ತು, ಹಿಂಭಾಗ ಕುಟ್ಟಿದ್ದು ಹಾಗೇ ಉಳಿದಿತ್ತು. ಪಕ್ಕದಿಂದ ಬೆಳಕು ಬೀಳುತ್ತಿತ್ತು. ಆ ಕುಟ್ಟಿದ ಭಾಗ ರವೆ ಚೆಲ್ಲಿದ ಹಾಗೆ, ಚುಕ್ಕೆಚುಕ್ಕೆಯಾಗಿ ಎದ್ದಿತ್ತು. ಪ್ರತಿ ಚುಕ್ಕೆಗೂ ಅದರದ್ದೇ ಒಂದು ನೆರಳು.

ನಾನು ನಾಲ್ಕು ವರ್ಷ ಗೆರೆ ಹುಡುಕುತ್ತಿದ್ದೆ. ಅಲ್ಲಿ ಗೆರೆ ಎಲ್ಲಿದೆ? ಇರೋದು ಚುಕ್ಕೆ. ಬಣ್ಣ ಹೋದರೂ ಗುಳಿ ಹೋಗಿಲ್ಲ. ಗುಳಿಗೆ ನೆರಳು ಬೇಕು. ನೆರಳಿಗೆ ಕಲ್ಲಿನ ಮೈ ಸವರಿದ ಹಾಗೆ ತೀರಾ ಓರೆಯಾಗಿ ಬರೋ ಒಂದೇ ಬೆಳಕು ಬೇಕು, ಸುತ್ತ ಕತ್ತಲಿರಬೇಕು. ರಾತ್ರಿ ಬೇಡ, ಹಗಲಲ್ಲೇ ಕತ್ತಲು ಮಾಡಿದರೆ ಆಯ್ತಲ್ವಾ?

ಮೊದಲು ಮದುವೆ ಬ್ಯಾಕ್‌ಡ್ರಾಪ್‌ನ ಕರಿ ಬಟ್ಟೆ ತಂದೆ. ಬಳ್ಳಾರಿ ಬಿಸಿಲು ಅದನ್ನು ತೂರಿಕೊಂಡು ಬಂತು. ಟಾರ್ಪಾಲು ಗಾಳಿಗೆ ಹಡಗಿನ ಪಟದ ಹಾಗೆ ಉಬ್ಬಿತು, ಬಿದಿರು ಗಳದ ಸಮೇತ ಕೆಳಗಿನ ಕಲ್ಲಿಗೆ ಹಾರಿತು. ಸ್ಟ್ಯಾಂಡ್ ಮೇಲಿದ್ದ ಹಳೇ ಫ್ಲ್ಯಾಶ್ ಪುಡಿಪುಡಿ. ಆಮೇಲೆ ಸಂತೆಯಲ್ಲಿ ಎರಡು ಕರಿ ಕಂಬಳಿ ಕೊಂಡೆ, ಒಂದಕ್ಕೆ ಹದಿನೆಂಟು ನೂರು. ಭಾರ ಇರುತ್ತೆ, ಗಾಳಿಗೆ ಏಳಲ್ಲ, ಬೆಳಕನ್ನು ನುಂಗುತ್ತೆ. ಮೂರು ಬಿದಿರು ಗಳ, ಹಗ್ಗ, ಅಷ್ಟೇ. ಮೊದಲ ದಿನ ಫೋಟೋದಲ್ಲಿ ದನದ ಮೈತುಂಬ ಬಿಳಿ ಎಳೆಗಳು. ಇದೇನು ಹೊಸ ಚಿತ್ರ ಸಿಕ್ಕಿತಾ ಅಂತ ಕುಣಿದೆ. ನೋಡಿದರೆ ಕಂಬಳಿ ಕೂದಲು! ಕಂಬಳಿಯಲ್ಲಿ ಉಣ್ಣುವವನು ಕೂದಲಿಗೆ ಅಂಜಬಾರದು ನಿಜ, ಓರೆ ಬೆಳಕಲ್ಲಿ ಮಾತ್ರ ಒಂದೊಂದು ಕೂದಲೂ ಹಗ್ಗದಷ್ಟು ದಪ್ಪ ಕಾಣುತ್ತೆ. ಈಗ ಕಂಬಳಿಯನ್ನು ಮನೆಯಲ್ಲೇ ಚೆನ್ನಾಗಿ ಕೊಡವಿ ಒಯ್ಯುತ್ತೀನಿ, ಕಲ್ಲಿಗೆ ಲೆನ್ಸ್ ಬ್ಲೋಯರ್‌ನಿಂದ ಗಾಳಿ ಹಾಕುತ್ತೀನಿ. ಬ್ರಶ್ ಮುಟ್ಟಿಸಲ್ಲ.

ಸೆಟ್ಟಿಂಗ್ ನೀವೇ ಊಹಿಸಬಹುದು. ಐಎಸ್‌ಒ 100, ಶಟರ್ ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ, ಅಪರ್ಚರ್ ಹನ್ನೊಂದು. ಫ್ಲ್ಯಾಶ್ ಇಲ್ಲದೆ ಒಂದು ಕ್ಲಿಕ್ ಮಾಡಿ. ಸ್ಕ್ರೀನ್ ಪೂರ್ತಿ ಕಪ್ಪಾಗಿರಬೇಕು. ಆಗಿಲ್ಲಾಂದ್ರೆ ಎಲ್ಲೋ ಬಿಸಿಲು ಸೋರುತ್ತಿದೆ. ಆಮೇಲೆ ಫ್ಲ್ಯಾಶ್ ಕಲ್ಲಿನಿಂದ ನಾಲ್ಕಡಿ ಆಚೆ, ಕಲ್ಲಿನ ಮೇಲ್ಮೈಯಿಂದ ಅಂದಾಜು ಅರ್ಧ ಗೇಣು ಮೇಲೆ. ಒಂದು ಗೇಣು ಎತ್ತಿದರೂ ದನ ಮಾಯ. ಒಂದೇ ದಿಕ್ಕು ಸಾಲದು. ಎಡದಿಂದ ಹೊಡೆದಾಗ ಬೆನ್ನು ಮತ್ತು ಹಿಣಿಲು ಬಂತು, ಕೊಂಬು ಬರಲಿಲ್ಲ. ಮೇಲಿನಿಂದ ಹೊಡೆದಾಗ ಕೊಂಬು ಬಂತು, ಕಾಲು ಹೋಯ್ತು. ಸುತ್ತ ಎಂಟು ಕಡೆಯಿಂದ ಎಂಟು ಫ್ರೇಮ್ ಹೊಡೆಯೋದು, ಕ್ಯಾಮೆರಾ ಅಲ್ಲಾಡಬಾರದು. ಆ ಎಂಟನ್ನು ಕಂಪ್ಯೂಟರಿನಲ್ಲಿ ಹೇಗೆ ಒಂದಾಗಿ ಕೂರಿಸ್ತೀನಿ, ಫ್ಲ್ಯಾಶ್ ಬಾಯಿಗೆ ಏನು ಕಟ್ಟುತ್ತೀನಿ, ಅವೆರಡು ನನ್ನ ಹತ್ತಿರವೇ ಇರಲಿ. ನನ್ನದೂ ಹೊಟ್ಟೆಪಾಡು. ಒಂದು ಕಲ್ಲಿನ ಜಾಗವನ್ನೂ ಹೇಳಲ್ಲ, ಅದಕ್ಕೆ ಕಾರಣ ಬೇರೆ. ಬೆಟ್ಟದ ಒಂದು ಮಗ್ಗುಲನ್ನು ಆಗಲೇ ಕ್ವಾರಿ ತಿಂದಿದೆ, ಉಳಿದ ಕಲ್ಲುಗಳ ಮೇಲೆ ಪ್ರೇಮಿಗಳ ಹೆಸರು ಶುರುವಾಗಿವೆ.

ಹೀಗೆ ಹೊಡೆದಾಗ ಬರೀ ಕಣ್ಣಿಗೆ ಮೂರು ದನ ಕಾಣುತ್ತಿದ್ದ ಕಲ್ಲಿನಲ್ಲಿ ಏಳು ಬಂದವು. ಒಂದರ ಮೇಲೊಂದು ಕುಟ್ಟಿದ್ದಾರೆ. ಕೆಳಗಿನದರ ಕೊಂಬು ಮೇಲಿನದರ ಹೊಟ್ಟೆ ಹಾದು ಹೋಗಿದೆ. ಅಕ್ಕನ ಮಗ ಸ್ಕ್ರೀನ್ ನೋಡಿ, "ಮಾಮಾ, ಇವು ಎಲ್ಲಿದ್ವು ಇಷ್ಟ್ ದಿನ?" ಅಂದ.

ಗಂಟೆಕಲ್ಲುಗಳ ಕಡೆಗೂ ಗಮನ ಹೋಯ್ತು. ಅದೇ ಕರಿಕಲ್ಲಿನಲ್ಲಿ ಕೆಲವನ್ನು ತಟ್ಟಿದರೆ ಜಾಗಟೆ ಹಾಗೆ ಠಣ್ ಅನ್ನುತ್ತವೆ. ಹಿಂದಿನವರು ತಟ್ಟಿತಟ್ಟಿ ಗುಳಿ ಬಿದ್ದಿವೆ. ನಿಕೋಲ್ ಬೋಯ್ವಿನ್ ಅನ್ನುವ ಸಂಶೋಧಕಿ 2004ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಹೊರಗಿನವರಿಗೂ ಗೊತ್ತಾಯ್ತು. ಬೆರಳ ಗೆಣ್ಣಿನಲ್ಲಿ ತಟ್ಟಿ ಮದುವೆ ವಿಡಿಯೋದ ಕಾಲರ್ ಮೈಕಿನಲ್ಲಿ ರೆಕಾರ್ಡ್ ಮಾಡಿದೆ. ಬರೀ ಗಾಳಿ ಬಂತು. ಅದು ನನ್ನ ಕೆಲಸ ಅಲ್ಲ ಅಂತ ಬಿಟ್ಟೆ.

ಕಂಬಳಿ ತಗೊಂಡು ಆನೆಗೊಂದಿ ಕಡೆಯ ಒನಕೆ ಕಿಂಡಿಗೂ ಹೋದೆ. ಅಲ್ಲಿರೋದು ಕೆಂಪು ಬಣ್ಣದ ಚಿತ್ರ. ಪೂರ್ತಿ ಸೋಲು. ಬಣ್ಣಕ್ಕೆ ಗುಳಿ ಎಲ್ಲಿಂದ ಬರಬೇಕು, ಓರೆ ಬೆಳಕಲ್ಲಿ ಬಂಡೆಯ ಒರಟು ಮಾತ್ರ ಕಂಡಿತು. ಅದಕ್ಕೆ ಉಲ್ಟಾ ಮಾಡಬೇಕು. ಕಂಬಳಿ ನೆರಳಲ್ಲಿ ಸಮವಾದ ಬೆಳಕು, ಆಮೇಲೆ ಕಂಪ್ಯೂಟರಿನಲ್ಲಿ ಡಿ-ಸ್ಟ್ರೆಚ್ ಅನ್ನೋ ಸಾಫ್ಟ್‌ವೇರ್. ಮಾಸಿದ ಕೆಂಪನ್ನು ಅದು ಎತ್ತಿ ತೋರಿಸುತ್ತೆ. ಪೆಟ್ರೋಲು, ಊಟ ಸೇರಿ ಸಾವಿರದ ಇನ್ನೂರು ಹೋಯ್ತು, ಬುದ್ಧಿ ಬಂತು.

ಐದು ವರ್ಷದ ಖರ್ಚು ಬಾಯಿಲೆಕ್ಕದಲ್ಲಿ ಇಪ್ಪತ್ತೆಂಟು, ಮೂವತ್ತು ಸಾವಿರ. ಅದರಲ್ಲಿ ಕೆಲಸಕ್ಕೆ ಬಂದದ್ದು ಕಂಬಳಿ, ಗಳ, ಎರಡು ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್, ಅದನ್ನು ದೂರದಿಂದ ಹೊಡೆಸೋ ಟ್ರಿಗರ್. ಎಲ್ಲ ಸೇರಿ ಹನ್ನೊಂದು ಸಾವಿರದ ಒಳಗೆ. ಬಂದ ದುಡ್ಡು? ದೊಡ್ಡ ಸೈಜಿನ ನಾಲ್ಕು ಪ್ರಿಂಟ್ ಮಾರಿದೆ, ಆರು ಸಾವಿರ. ಒಂದು ಜೋಡಿ ಆ ಕಲ್ಲಿನ ಮೇಲೆ ಕೂತು ಪ್ರೀ-ವೆಡ್ಡಿಂಗ್ ಬೇಕು ಅಂತ ಬಂದಿತ್ತು, ಹದಿನೈದು ಸಾವಿರ ಕೊಡ್ತೀವಿ ಅಂದರು. ಆಗಲ್ಲ ಅಂದೆ. ಹೆಂಡತಿ ಇನ್ನೂ ಆ ಹದಿನೈದು ಸಾವಿರದ ಮಾತು ಎತ್ತುತ್ತಾಳೆ.

ಬೆಟ್ಟದಲ್ಲಿ ಕುರಿ ಕಾಯೋ ತಾತ ಒಬ್ಬರಿದ್ದಾರೆ. ಮೊದಲ ದಿನ ನೋಡಿ, "ಏನಪ್ಪಾ, ಕಲ್ಲಿಗೆ ಚಳಿ ಬಂದೈತೇನು, ಕಂಬಳಿ ಹೊಚ್ಚಾಕತ್ತೀ?" ಅಂದಿದ್ದರು. ಏಳು ದನ ಬಂದ ದಿನ ಅವರನ್ನೇ ಕರೆದು ಸ್ಕ್ರೀನ್ ತೋರಿಸಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಹೋರಿ ಚಲೋ ಅದಾವ" ಅಂದರು. ಆಮೇಲೆ ಕಂಬಳಿ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದಕ್ಕೆಷ್ಟು ಕೊಟ್ಟಿ?" ಅಂತ ಕೇಳಿದರು. ಹದಿನೆಂಟು ನೂರು ಅಂದೆ.

"ಮೋಸ ಹೋಗೀಯಪ್ಪಾ" ಅಂದು ಕುರಿ ಹೊಡೆದುಕೊಂಡು ಹೋದರು.