ಚೀನಾದ ಬಲಾಬಲ, ಚೀನಾದ ಇಂಗಿತ: ಲಡಾಖ್ ಗಡಿಯ ಲೆಕ್ಕ ಹಾಕುವ ಬಗೆ

ಪೂರ್ವ ಲಡಾಖಿನ ಮಾತು ಬಂದರೆ ಎರಡು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಚೀನಾದ ಕೈಯಲ್ಲಿ ಏನು ಮಾಡಲಿಕ್ಕಾಗುತ್ತದೆ ಎನ್ನುವುದು ಒಂದು, ಅದರ ಮನಸ್ಸಿನಲ್ಲಿ ಏನಿದೆ ಎನ್ನುವುದು ಇನ್ನೊಂದು. ಗಡಿಯ ಬಗ್ಗೆ ಟಿಪ್ಪಣಿ ಬರೆಯುವಾಗ ನಾನು ಇವೆರಡಕ್ಕೂ ಬೇರೆ ಬೇರೆ ಹಾಳೆ ಇಟ್ಟುಕೊಳ್ಳುತ್ತೇನೆ. ಬಲದ ಹಾಳೆ ಮುಗಿಯುವವರೆಗೆ ಇಂಗಿತದ ಹಾಳೆ ಮುಟ್ಟುವುದಿಲ್ಲ. ಉದ್ದೇಶವನ್ನು ಮೊದಲೇ ತೀರ್ಮಾನಿಸಿದವರು ಆಮೇಲೆ ಅದಕ್ಕೆ ಒಪ್ಪುವ ಅಂಕಿಗಳನ್ನೇ ಆರಿಸಿಕೊಳ್ಳುತ್ತಾರೆ. 1973ರಲ್ಲಿ ಇಸ್ರೇಲಿನ ಸೇನಾ ಗುಪ್ತಚರ ವಿಭಾಗ ಮಾಡಿದ್ದು ಇದನ್ನೇ. ದೂರಕ್ಕೆ ಹೋಗಿ ಬಾಂಬ್ ಹಾಕುವ ವಿಮಾನ ಸಿಗದೆ ಈಜಿಪ್ಟ್ ಯುದ್ಧಕ್ಕೆ ಇಳಿಯುವುದಿಲ್ಲ ಎಂದು ನಂಬಿತ್ತು. ಸೂಯೆಜ್ ಕಾಲುವೆಯ ಆಚೆ ಸೇನೆ ಜಮಾಯಿಸಿದ್ದನ್ನು ಕಂಡರೂ ಕವಾಯತು ಎಂದು ತಳ್ಳಿಹಾಕಿತು. 1962ರಲ್ಲಿ ದೆಹಲಿಯೂ ಅಷ್ಟೆ: ಮುಂದೊತ್ತಿ ಠಾಣೆ ಹಾಕಿದರೆ ಚೀನಾ ದೊಡ್ಡ ಮಟ್ಟದಲ್ಲಿ ತಿರುಗಿಬೀಳುವುದಿಲ್ಲ ಎಂಬ ಭರವಸೆಯ ಮೇಲೆ ಠಾಣೆಗಳು ಎದ್ದವು.

ಬಲದ ಹಾಳೆಯಲ್ಲಿ ರಕ್ಷಣಾ ಬಜೆಟ್‌ಗೆ ನಾನು ಕೊಡುವುದು ಒಂದೇ ಸಾಲು. 2025ರಲ್ಲಿ ಚೀನಾ ಪ್ರಕಟಿಸಿದ್ದು ಸುಮಾರು 1.78 ಲಕ್ಷ ಕೋಟಿ ಯುವಾನ್, ನಮ್ಮ 2025-26ರ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ವಿನಿಮಯ ದರದಲ್ಲಿ ಅವರದು ನಮ್ಮ ಮೂರು ಪಟ್ಟು. ಆದರೆ ಆ ಹಣದಲ್ಲಿ ತೈವಾನ್ ಎದುರಿನ ಸಿದ್ಧತೆ, ನೌಕಾಪಡೆ, ಕ್ಷಿಪಣಿಗಳ ಪಾಲೂ ಸೇರಿದೆ. ಲಡಾಖ್ ಗಡಿಯ ಡೆಪ್ಸಾಂಗ್ ಬಯಲಿನಲ್ಲಿ ಯಾರ ಕೈ ಮೇಲು ಎಂದು ಅದರಿಂದ ತಿಳಿಯುವುದಿಲ್ಲ.

ಎರಡೂ ಕಡೆ ತಲಾ 50ರಿಂದ 60 ಸಾವಿರ ಸೈನಿಕರು ಎಂಬುದು 2020ರಿಂದ ಎಲ್ಲರ ಬಾಯಲ್ಲಿರುವ ಅಂಕಿ. ಇದರಲ್ಲಿ ವಾಸ್ತವ ನಿಯಂತ್ರಣ ರೇಖೆಯ ಹತ್ತಿರ ಇರುವವರೆಷ್ಟು, ನೂರಾರು ಕಿಲೋಮೀಟರ್ ಹಿಂದೆ ಇರುವವರೆಷ್ಟು, ಎತ್ತರಕ್ಕೆ ಒಗ್ಗಿಕೊಂಡವರೆಷ್ಟು ಎಂದು ಬಿಡಿಸಿದಾಗಲೇ ಅದಕ್ಕೆ ಅರ್ಥ. ಭಾರತೀಯ ಸೇನೆ ಎತ್ತರಕ್ಕೆ ಒಗ್ಗಿಸುವುದು ಮೂರು ಹಂತದಲ್ಲಿ: 9,000ದಿಂದ 12,000 ಅಡಿಯಲ್ಲಿ 6 ದಿನ, 15,000 ಅಡಿಯವರೆಗೆ ಮತ್ತೆ 4 ದಿನ, ಅದಕ್ಕೂ ಮೇಲೆ ಇನ್ನೂ 4. ಒಟ್ಟು ಹದಿನಾಲ್ಕು. ಮೈ ಒಗ್ಗುವ ಲೆಕ್ಕ ಚೀನಾದ ಸೈನಿಕನಿಗೂ ಹೆಚ್ಚುಕಡಿಮೆ ಇದೇ. ಹಾಗಾಗಿ ಶಿನ್‌ಜಿಯಾಂಗಿನಲ್ಲಿ 1,400 ಮೀಟರ್ ಎತ್ತರದ ಹೋಟಾನ್ ಕಡೆಯ ಬಯಲಿನಿಂದ ಹೊರಟ ಬ್ರಿಗೇಡನ್ನು ನಾನು ಎರಡು ವಾರ "ದಾರಿಯಲ್ಲಿದೆ" ಎಂಬ ಕಾಲಮ್ಮಿನಲ್ಲೇ ಇಡುತ್ತೇನೆ. ಟಿಬೆಟಿನ ಎತ್ತರದಲ್ಲೇ ಬೀಡುಬಿಟ್ಟಿರುವ ತುಕಡಿಗೆ ಈ ರಿಯಾಯಿತಿ ಇಲ್ಲ.

ಆಮೇಲೆ ಲಾರಿ ಲೆಕ್ಕ. ಟಿವಿ ಚರ್ಚೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದೇ. ಕಾಲಾಳು, ಟ್ಯಾಂಕ್, ಫಿರಂಗಿ ಒಟ್ಟಿಗಿರುವ ಚೀನಾದ ಒಂದು ಸಂಯುಕ್ತ ಬ್ರಿಗೇಡ್ ಎಂದರೆ ಸುಮಾರು 5,000 ಜನ. ಆಹಾರ, ಸೀಮೆಎಣ್ಣೆ, ಡೀಸೆಲ್, ಬಿಡಿಭಾಗ ಎಲ್ಲ ಸೇರಿ ತಲೆಗೆ ದಿನಕ್ಕೆ 20 ಕೆ.ಜಿ. ಎಂದು ಹಿಡಿಯುತ್ತೇನೆ. ಇದು ನನ್ನ ಅಂದಾಜು. ನೀವು 15 ಹಿಡಿಯಿರಿ, 30 ಹಿಡಿಯಿರಿ, ಆದರೆ ಮೊದಲೇ ಬರೆದಿಟ್ಟು ಆಮೇಲೆ ಬದಲಿಸಬೇಡಿ. 20ರಂತೆ ದಿನಕ್ಕೆ 100 ಟನ್, ಎಂಟು ಟನ್ನಿನ ಲಾರಿಯಾದರೆ 13 ಲೋಡು. ಶಿನ್‌ಜಿಯಾಂಗಿನ ಯೆಚೆಂಗ್‌ನಿಂದ ಅಕ್ಸಾಯ್ ಚಿನ್ ಹಾದು ಪಶ್ಚಿಮ ಟಿಬೆಟಿನ ಙಾರಿ ಕಡೆಗೆ ಹೋಗುವ ಜಿ219 ಹೆದ್ದಾರಿಯಲ್ಲಿ ಸುಮಾರು ಸಾವಿರ ಕಿಲೋಮೀಟರ್. ಘಾಟಿಗಳಲ್ಲಿ ದಿನಕ್ಕೆ 250 ಕಿ.ಮೀ. ಓಡಿದರೆ ಹೋಗಲು ನಾಲ್ಕು ದಿನ, ಬರಲು ನಾಲ್ಕು, ತುಂಬಿಸಿ ಇಳಿಸಲು ಎರಡು. ಅಂದರೆ 13 ಲೋಡಿಗೆ 130 ಲಾರಿ ಸದಾ ರಸ್ತೆಯಲ್ಲಿರಬೇಕು. ನಾಲ್ಕರಲ್ಲಿ ಒಂದು ಗ್ಯಾರೇಜಿನಲ್ಲಿ ಎಂದುಕೊಂಡರೆ 170ಕ್ಕೂ ಹೆಚ್ಚು. ಇದು ಒಂದೇ ಬ್ರಿಗೇಡಿಗೆ, ಒಂದು ಗುಂಡೂ ಹಾರದ ದಿನಗಳಲ್ಲಿ. ಫಿರಂಗಿ ಮಾತಾಡತೊಡಗಿದರೆ ಮದ್ದುಗುಂಡಿನ ತೂಕದ ಮುಂದೆ ಅಕ್ಕಿ-ಹಿಟ್ಟಿನ ತೂಕ ಲೆಕ್ಕಕ್ಕೇ ಇಲ್ಲ.

ಇದರಿಂದ ಸಿಗುವ ಸೂತ್ರ ಸರಳ. ಸೈನಿಕರನ್ನು ಎಣಿಸುವ ಬದಲು ದಾಸ್ತಾನು ಎಣಿಸಬೇಕು. ಇಂಧನದ ಟ್ಯಾಂಕ್, ಮಣ್ಣಿನ ದಿಬ್ಬದೊಳಗಿನ ಮದ್ದುಗುಂಡಿನ ಕೋಠಿ, ಲಾರಿ ನಿಲ್ಲುವ ಅಂಗಳ, ಆಸ್ಪತ್ರೆ. ಇವು ಬೆಳೆಯದೆ ಜನರ ಸಂಖ್ಯೆ ಮಾತ್ರ ಏರಿದರೆ ಅದು ಹೆದರಿಸುವ ಪ್ರದರ್ಶನ ಇರಬಹುದು. ಜನರ ಸಂಖ್ಯೆ ಹಾಗೇ ಇದ್ದು ಇವು ಬೆಳೆದರೆ ನಿದ್ದೆಗೆಡಬೇಕಾದ ವಿಷಯ. ನಮ್ಮ ಕಡೆಗೂ ಇದೇ ತಕ್ಕಡಿ. ಚಳಿಗಾಲದಲ್ಲಿ 3,500 ಮೀಟರ್ ಎತ್ತರದ ಜೋಜಿ ಲಾ ಹಿಮದಲ್ಲಿ ಮುಚ್ಚಿಕೊಳ್ಳುವುದಕ್ಕೆ ಮೊದಲೇ ಲಡಾಖಿನ ದಾಸ್ತಾನು ತುಂಬಿರಬೇಕು.

ವಾಯುಬಲದಲ್ಲಿ ವಿಮಾನಗಳ ಒಟ್ಟು ಸಂಖ್ಯೆ ಮೋಸ ಮಾಡುತ್ತದೆ. ಙಾರಿ ಗುನ್ಸಾ ನಿಲ್ದಾಣ ಇರುವುದು ಸುಮಾರು 4,270 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಎಂಜಿನ್ನಿನ ನೂಕು ಕಡಿಮೆ, ರೆಕ್ಕೆಗೆ ಸಿಗುವ ಎತ್ತುಬಲವೂ ಕಡಿಮೆ, ಓಡುದಾರಿ 4,500 ಮೀಟರ್ ಉದ್ದ ಹಾಕಿದ್ದರ ಕಾರಣವೂ ಅದೇ. ಅಲ್ಲಿಂದ ಏರುವ ಯುದ್ಧವಿಮಾನ ಇಂಧನವನ್ನಾದರೂ ಬಿಡಬೇಕು, ಬಾಂಬನ್ನಾದರೂ ಬಿಡಬೇಕು. ಅಂಬಾಲಾ, ಬರೇಲಿಯ ಬಯಲಿನಿಂದ ಏರುವ ನಮ್ಮ ವಿಮಾನಕ್ಕೆ ಈ ತೊಡಕಿಲ್ಲ. ಇಷ್ಟು ಹೇಳಿ ಬೀಗುವವರು ಹೋಟಾನನ್ನು ಮರೆಯುತ್ತಾರೆ. ಅಲ್ಲಿ ಸಾಂದ್ರತೆಯ ನಷ್ಟ ಶೇ. 13ರಷ್ಟು ಮಾತ್ರ. ವಿಮಾನಗಳು ಹೇಗಿದ್ದರೂ ಕ್ಷಿಪಣಿಗಳಿಗೆ ಓಡುದಾರಿಯೇ ಬೇಡ. ಹೆಲಿಕಾಪ್ಟರ್‌ಗೆ ಎತ್ತರ ಇನ್ನೂ ದೊಡ್ಡ ಶತ್ರು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್ ತನ್ನ ಎರಡು ಲಘು ಯುದ್ಧ ಹೆಲಿಕಾಪ್ಟರ್‌ಗಳನ್ನು, ಸೇನೆಗೆ ವಿಧಿವತ್ತಾಗಿ ಸೇರುವ ಮೊದಲೇ, ಲೇಹ್‌ಗೆ ಕಳಿಸಿದ್ದು ಅವು ಈ ಎತ್ತರಕ್ಕೆಂದೇ ರೂಪುಗೊಂಡದ್ದರಿಂದ.

ಉಪಗ್ರಹ ಚಿತ್ರ ನೋಡುವವರಿಗೆ ಒಂದು ಕಿವಿಮಾತು. ಯುರೋಪಿನ ಸೆಂಟಿನೆಲ್-2 ಚಿತ್ರಗಳು ಉಚಿತ, ಐದು ದಿನಕ್ಕೊಮ್ಮೆ ಸಿಗುತ್ತವೆ, ಒಂದು ಚುಕ್ಕೆ ನೆಲದ ಮೇಲಿನ 10 ಮೀಟರಿಗೆ ಸಮ. ಚೀನಾದ ಜೆ-11 ಯುದ್ಧವಿಮಾನದ ಉದ್ದ ಸುಮಾರು 22 ಮೀಟರ್, ರೆಕ್ಕೆಯಗಲ 15. ಚಿತ್ರದಲ್ಲಿ ಅದು ಎರಡು ಚುಕ್ಕೆ ಉದ್ದ, ಒಂದೂವರೆ ಚುಕ್ಕೆ ಅಗಲದ ಮಸುಕು. ಅದು ವಿಮಾನವೋ, ಟ್ಯಾಂಕರ್ ಲಾರಿಯೋ, ಕಾಂಕ್ರೀಟಿನ ಕಲೆಯೋ ಹೇಳುವಂತಿಲ್ಲ. 47 ಮೀಟರಿನ ವೈ-20 ಸಾಗಣೆ ವಿಮಾನ ನಾಲ್ಕೈದು ಚುಕ್ಕೆ ಹಿಡಿಯುತ್ತದೆ, ಅದನ್ನು ಎಣಿಸಬಹುದು. ಆದ್ದರಿಂದ ಈ ಚಿತ್ರಗಳಲ್ಲಿ ಯುದ್ಧವಿಮಾನ ಹುಡುಕುವುದನ್ನು ಬಿಟ್ಟು ಹೊಸ ರಸ್ತೆ, ಹೊಸ ಕಟ್ಟಡ, ಅಗೆದ ನೆಲ ಹುಡುಕಬೇಕು. ಒಂದೇ ತಿಂಗಳಿನ ಎರಡು ವರ್ಷದ ಚಿತ್ರಗಳನ್ನು ಅಕ್ಕಪಕ್ಕ ಇಡಿ. ಮೇ ತಿಂಗಳ ಚಿತ್ರವನ್ನು ನವೆಂಬರಿನದರ ಜೊತೆ ಇಟ್ಟರೆ ಹಿಮ ಮತ್ತು ಉದ್ದ ನೆರಳುಗಳೇ "ಹೊಸ ನಿರ್ಮಾಣ"ವಾಗಿ ಕಾಣುತ್ತವೆ. ಮೋಡ ಕವಿದ ದಿನಗಳಿಗೆ ಸೆಂಟಿನೆಲ್-1ರ ರೇಡಾರ್ ಚಿತ್ರ ಇದೆ, ಆದರೆ ಕಡಿದಾದ ಕಣಿವೆಯಲ್ಲಿ ಅದು ಬೆಟ್ಟವನ್ನೇ ಮಗುಚಿದಂತೆ ತೋರಿಸುತ್ತದೆ. ಗೂಗಲ್ ಅರ್ಥ್‌ನಲ್ಲಿ ಕಾಣುವುದು ಬೇರೆ ಬೇರೆ ದಿನಾಂಕದ ತುಂಡುಗಳನ್ನು ಹೊಲಿದ ನಕ್ಷೆ. ಪ್ರತಿ ತುಂಡಿನ ತಾರೀಖು ನೋಡದೆ ಒಂದು ಗೆರೆಯನ್ನೂ ಬರೆಯಬಾರದು.

ಇನ್ನು ಇಂಗಿತ. ಇಲ್ಲಿ ನಾನು ಮಾತಿಗಿಂತ ಖರ್ಚನ್ನು ನಂಬುತ್ತೇನೆ. ಡೇರೆ ಹಾಕುವುದಕ್ಕೆ ಒಂದು ದಿನ ಸಾಕು, ಕೀಳಲಿಕ್ಕೂ ಅಷ್ಟೆ. ಸೆಪ್ಟೆಂಬರ್ ಹೊತ್ತಿಗೆ ಡೇರೆಗಳ ಜಾಗದಲ್ಲಿ ಶಾಖದ ವ್ಯವಸ್ಥೆಯುಳ್ಳ ಕಟ್ಟಡ ಎದ್ದರೆ ಚಳಿಗಾಲವಿಡೀ ಇರುವ ನಿರ್ಧಾರ ಆಗಿದೆ ಎಂದೇ ಲೆಕ್ಕ. ಪ್ಯಾಂಗಾಂಗ್ ಸರೋವರದ ಕಿರಿದಾದ ಭಾಗದಲ್ಲಿ ಚೀನಾ ಕಟ್ಟುತ್ತಿದ್ದ ಸೇತುವೆ 2022ರ ಜನವರಿಯಲ್ಲಿ ಚಿತ್ರಗಳಲ್ಲಿ ಕಂಡಿತು. ಅಲ್ಲಿ ಪಡೆಗಳು ಹಿಂದೆ ಸರಿದಿದ್ದು ಅದಕ್ಕೂ ಒಂದು ವರ್ಷ ಹಿಂದೆ, 2021ರ ಫೆಬ್ರುವರಿಯಲ್ಲಿ. ಹಿಂದೆ ಸರಿದ ಮೇಲೂ ಬೇಗ ಮರಳುವ ದಾರಿ ಕಟ್ಟಿಕೊಳ್ಳುವವರ ಬಗ್ಗೆ ಆ ಸೇತುವೆ ಹೇಳಿದಷ್ಟನ್ನು ಜಂಟಿ ಹೇಳಿಕೆಗಳು ಹೇಳಲಿಲ್ಲ.

2020ರ ಮೇ ತಿಂಗಳಲ್ಲಿ ಚೀನಾದ ಪಡೆ ಪೂರ್ವ ಲಡಾಖಿನ ಗಡಿಗೆ ಏಕೆ ಬಂತು? ವಿದೇಶಾಂಗ ಸಚಿವ ಜೈಶಂಕರ್ ಅದೇ ಡಿಸೆಂಬರಿನಲ್ಲಿ, ಚೀನಾ ಐದು ಬೇರೆ ಬೇರೆ ಕಾರಣ ಕೊಟ್ಟಿದೆ ಎಂದಿದ್ದರು. ಚರ್ಚೆಗೆ ಕೂತಾಗ ನಾವು ಊಹೆಗಳನ್ನು ಅಡ್ಡಸಾಲಿನಲ್ಲೂ ಸಾಕ್ಷ್ಯಗಳನ್ನು ಕೆಳಸಾಲಿನಲ್ಲೂ ಬರೆಯುತ್ತೇವೆ. ಊಹೆಗಳು: 2019ರ ಆಗಸ್ಟ್‌ನಲ್ಲಿ ಲಡಾಖ್ ಕೇಂದ್ರಾಡಳಿತ ಪ್ರದೇಶವಾಗುವ ತೀರ್ಮಾನಕ್ಕೆ ಉತ್ತರ, 255 ಕಿ.ಮೀ. ಉದ್ದದ ದರ್ಬುಕ್–ಶ್ಯೋಕ್–ದೌಲತ್ ಬೇಗ್ ಓಲ್ಡಿ ರಸ್ತೆಯ ಭಯ. ಕೋವಿಡ್ ಸಮಯದ ಅವಕಾಶ. ಅಮೆರಿಕದ ಕಡೆ ವಾಲುವ ಭಾರತಕ್ಕೆ ಎಚ್ಚರಿಕೆ. ಸ್ಥಳೀಯ ಕಮಾಂಡರನ ಹುಂಬತನ. ಪ್ರತಿ ಸಾಕ್ಷ್ಯದ ಎದುರಿಗೆ ಅದು ಯಾವ ಊಹೆಗೆ ಏಟು ಕೊಡುತ್ತದೆ ಎಂದಷ್ಟೇ ಕೇಳಬೇಕು. ಎಲ್ಲಕ್ಕೂ ಹೊಂದುವ ಸಾಕ್ಷ್ಯ ಎಷ್ಟೇ ರೋಚಕವಾಗಿರಲಿ, ಹೊಡೆದುಹಾಕಿ. ಗಲ್ವಾನಿನಲ್ಲಿ ಜೂನ್ 15ರಂದು ನಮ್ಮ 20 ಸೈನಿಕರು ಹುತಾತ್ಮರಾದದ್ದು ಭೀಕರ ಸತ್ಯ, ಆದರೆ ಕಾರಣ ಯಾವುದೆಂದು ಅದೊಂದರಿಂದ ಗೊತ್ತಾಗದು. ಮೇ 5ರಂದು ಪ್ಯಾಂಗಾಂಗ್‌ನಲ್ಲಿ, 9ರಂದು ಸಿಕ್ಕಿಮಿನ ನಾಕು ಲಾದಲ್ಲಿ ಕೈಕೈ ಮಿಲಾಯಿಸಿದ್ದು ಮಾತ್ರ ಗೊತ್ತುಮಾಡುತ್ತದೆ. ಎರಡೂ ಚೀನಾದ ಬೇರೆ ಬೇರೆ ಸೇನಾ ಜಿಲ್ಲೆಗಳ ಕೆಳಗೆ ಬರುವುದರಿಂದ ಸ್ಥಳೀಯ ಕಮಾಂಡರನ ಊಹೆ ಅಲ್ಲೇ ಸೊರಗುತ್ತದೆ. ಕೋವಿಡ್ ಕಾಲದ ಅವಕಾಶವಷ್ಟೇ ಆಗಿದ್ದರೆ ಅದು ಮುಗಿದ ಮೇಲೆ ಬಿಟ್ಟು ಹೋಗಬೇಕಿತ್ತು. ಡೆಪ್ಸಾಂಗ್ ಮತ್ತು ಡೆಮ್ಚೋಕ್ ಇತ್ಯರ್ಥವಾಗಲು 2024ರ ಅಕ್ಟೋಬರ್ ಬರಬೇಕಾಯಿತು. ಡೆಪ್ಸಾಂಗ್ ಇರುವುದು ಆ ರಸ್ತೆ ಮುಟ್ಟುವ ದೌಲತ್ ಬೇಗ್ ಓಲ್ಡಿಯ ಪಕ್ಕದಲ್ಲಿ. ಅದನ್ನು ಕೊನೆಯವರೆಗೆ ಹಿಡಿದಿಟ್ಟದ್ದರಿಂದ ನನ್ನ ಹಾಳೆಯಲ್ಲಿ ರಸ್ತೆಯ ಊಹೆಯೇ ಮುಂದಿದೆ, ಕೇಂದ್ರಾಡಳಿತ ಪ್ರದೇಶದ್ದು ಎರಡನೆಯದು.

ಚರ್ಚೆಗೆ ಕೂತವರಲ್ಲಿ ಒಬ್ಬರಿಗೆ ಬೀಜಿಂಗಿನ ಪಾತ್ರ ಕಡ್ಡಾಯ. ಅವರು ಚೀನಾದ ನಕ್ಷೆ ಇಟ್ಟುಕೊಂಡು ಅಲ್ಲಿಂದ ಕಾಣುವುದನ್ನೇ ಹೇಳಬೇಕು: 2008ರಲ್ಲಿ ಮತ್ತೆ ತೆರೆದ ದೌಲತ್ ಬೇಗ್ ಓಲ್ಡಿ ಓಡುದಾರಿ, 2013ರಲ್ಲಿ ಅಲ್ಲಿ ಇಳಿದ ನಮ್ಮ ಸಿ-130ಜೆ ಸಾಗಣೆ ವಿಮಾನ, ಅಕ್ಸಾಯ್ ಚಿನ್ ನಮ್ಮದೆಂದು 2019ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಗೃಹ ಸಚಿವರು ಆಡಿದ ಮಾತು, ಜಿ219ರ ದಿಕ್ಕಿಗೆ ಬೆಳೆಯುತ್ತಿರುವ ರಸ್ತೆಗಳು. "ಕುತಂತ್ರಿ ಡ್ರ್ಯಾಗನ್" ಎಂಬ ಧಾಟಿಗೆ ಇಳಿದವರನ್ನು ಆ ಪಾತ್ರದಿಂದ ಎಬ್ಬಿಸುತ್ತೇವೆ. ಇದರಿಂದ ಚೀನಾದ ವಾದ ನ್ಯಾಯವಾಗಿಬಿಡುವುದಿಲ್ಲ. ನಮ್ಮ ಯಾವ ನಡೆ ಅಲ್ಲಿ ಹೇಗೆ ಓದಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಕೊನೆಗೆ ತೀರ್ಪನ್ನು ಶೇಕಡಾದಲ್ಲಿ ಬರೆದು, ಅದು ಯಾವುದರಿಂದ ಬದಲಾಗುತ್ತದೆ ಎಂದು ತಾರೀಖು ಸಮೇತ ನಮೂದಿಸುತ್ತೇವೆ. 2024ರ ಅಕ್ಟೋಬರ್ 21ರ ಒಪ್ಪಂದದಿಂದ ಗಸ್ತು ಮತ್ತೆ ಶುರುವಾಯಿತು, ಅದಕ್ಕೆ ಮೊದಲು ಗಡಿಗೆ ತಂದು ನಿಲ್ಲಿಸಿದ ಪಡೆ ಕರಗುವುದು ಬೇರೆಯೇ ಕೆಲಸ. ಈಗ ನನ್ನ ಹಾಳೆಯಲ್ಲಿ ಮೂರು ಗುರುತುಗಳಿವೆ. ಟಿಬೆಟಿನ ರುಟೋಗ್ ಸುತ್ತಲಿನ ಚೀನೀ ಬಿಡಾರಗಳ ಅಂಗಳದಲ್ಲಿ ವಾಹನಗಳ ಸಾಲು ತೆಳುವಾಗುತ್ತದೆಯೇ, ಬೇಸಿಗೆ ಕವಾಯತಿಗೆ ಬಂದ ಬ್ರಿಗೇಡ್ ಅಕ್ಟೋಬರಿನೊಳಗೆ ಮರಳುತ್ತದೆಯೇ, ಇಂಧನದ ಟ್ಯಾಂಕುಗಳ ಪಕ್ಕ ಹೊಸ ಅಡಿಪಾಯ ತೋಡುವುದು ನಿಲ್ಲುತ್ತದೆಯೇ. ಮೊದಲೆರಡು ಆಗಿ ಮೂರನೆಯದು ಆಗದಿದ್ದರೆ ಅಂದಾಜನ್ನು ಬದಲಿಸುವುದಿಲ್ಲ.