ಮುಳ್ಳು ಏಳುವ ಚಳಿ

ಸಂಕ್ರಾಂತಿಗೆ ಇನ್ನೂ ಎಂಟು ದಿನ ಇರುವಾಗ ಧಾರವಾಡದ ಮೇಲೆ ಮೋಡ ಬಂದು ಕೂತುಬಿಟ್ಟಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಹೇಳಿಕೊಳ್ಳುವಂಥ ಚಳಿಯೂ ಇಲ್ಲ. ನಾನು ಕುಸುರೆಳ್ಳಿಗೆಂದು, ಅಂದರೆ ಒಣಚಳಿಗೆ ಮಾತ್ರ ಸಕ್ಕರೆಯ ಮುಳ್ಳು ಏಳುವ ಸಂಕ್ರಾಂತಿಯ ಎಳ್ಳಿಗೆಂದು, ಬಿಳಿ ಎಳ್ಳು ತೊಳೆದು ಒಣಗಿಸಿ, ಸಕ್ಕರೆ ಅಳೆದಿಟ್ಟು, ಕೆಂಡದ ಒಲೆಯಾದ ಶೆಗಡಿಗೆ ಇದ್ದಿಲು ತರಿಸಿ, ಚಳಿಗಾಗಿ ಕಾಯುತ್ತ ಕೂತಿದ್ದೆ. ಮಾಳಮಡ್ಡಿಯ ಓಣಿಯಲ್ಲಿ ಎಲ್ಲರೂ ಈ ಸಲ ಚಳಿ ಕಡಿಮೆ ಎಂದು ಖುಷಿಪಡುತ್ತಿದ್ದರೆ ಈ ಮುದುಕಿಯೊಬ್ಬಳಿಗೆ ಚಳಿಯ ಚಿಂತೆ.

ಅದೇ ವಾರ ಅಮೆರಿಕದ ಮಿನ್ನೆಸೋಟದಿಂದ ಮಗಳು ಫೋನ್ ಮಾಡಿದಳು. ಪಕ್ಕದಲ್ಲಿ ಮೊಮ್ಮಗ ಮುಖ ಊದಿಸಿಕೊಂಡು ಕೂತಿದ್ದ. ಅಲ್ಲಿ ಹದಿನೈದು ದಿನಗಳಿಂದ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ, ಆದರೆ ಹಿಮದ ಸುಳಿವಿಲ್ಲ. ಹೊಸ ಜಾರುಬಂಡಿ ಗೋಡೆಗೆ ಒರಗಿಕೊಂಡೇ ಇದೆಯಂತೆ. “ಇಷ್ಟು ಚಳಿ ಇದ್ದರೂ ಹಿಮ ಯಾಕೆ ಬೀಳುವುದಿಲ್ಲ ಅಜ್ಜಿ?” ಎಂದು ಕೇಳಿದ. ಜನ್ಮದಲ್ಲಿ ಹಿಮ ಕಾಣದ ನನ್ನನ್ನು!

ನನಗೆ ಗೊತ್ತಿರುವುದು ನನ್ನ ತವರು ನವಲಗುಂದದ ಎರೆಹೊಲದ ಇಬ್ಬನಿಯ ಲೆಕ್ಕ. ಆಕಾಶ ತಿಳಿಯಾಗಿದ್ದು ಗಾಳಿ ನಿಂತರೆ ರಾತ್ರಿ ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ, ಚಳಿ ಏರುತ್ತದೆ, ಬೆಳಗಿನ ಜಾವ ಜೋಳದ ಗರಿಯ ಮೇಲೆ ಇಬ್ಬನಿ ಕೂರುತ್ತದೆ. ಮೋಡ ಇದ್ದ ರಾತ್ರಿ ಭೂಮಿಗೆ ಕೌದಿ ಹೊದಿಸಿದ ಹಾಗೆ. ಕಾವು ಒಳಗೇ ಉಳಿಯುತ್ತದೆ, ಚಳಿಯೂ ಇಲ್ಲ, ಇಬ್ಬನಿಯೂ ಇಲ್ಲ. ಅವರೂರಿನ ಕಡುಚಳಿಯೂ ಇಂಥದ್ದೇ ಎಂದು ಮಗಳು ಹೇಳಿದಳು. ಉತ್ತರದಿಂದ ಇಳಿಯುವ ಗಾಳಿ ಒಣಗಾಳಿ, ಅದರಲ್ಲಿ ನೀರಿನ ಅಂಶ ತೀರ ಕಡಿಮೆ, ಆಕಾಶ ಕನ್ನಡಿಯಂತೆ ಹೊಳೆಯುತ್ತದೆ. ಹಿಮ ಬೀಳಬೇಕಾದರೆ ತೇವ ಹೊತ್ತ ಮೋಡ ಬರಬೇಕು, ಮೋಡ ಬಂದ ದಿನ ಚಳಿಯೇ ತುಸು ಸಡಿಲುತ್ತದೆ. ಅವಳಿಗೂ ಹಿಮ ಬೇಕಾಗಿದೆ, ಆದರೆ ಜಾರುವುದಕ್ಕಲ್ಲ. ಹಿಮ ನೆಲವನ್ನು ಮುಚ್ಚಿದರೆ ಅದರೊಳಗೆ ಸಿಕ್ಕಿಕೊಂಡ ಗಾಳಿ ಗಿಡದ ಬೇರನ್ನು ಕಾಯುತ್ತದೆ. ಬೋಳು ನೆಲದಲ್ಲಿ ಹೆಪ್ಪು ಆಳಕ್ಕೆ ಇಳಿದು ಬೇರು ಸಾಯುತ್ತದೆ. ಅದಕ್ಕೇ ಅವಳು ಗುಲಾಬಿ ಗಿಡಗಳ ಬುಡಕ್ಕೆ ತರಗೆಲೆ ರಾಶಿ ಹಾಕಿದ್ದಾಳೆ. “ಹಿಮವೇ ಅಲ್ಲಿ ಕೌದಿ ಅನ್ನು” ಎಂದೆ. ನಕ್ಕಳು.

ಕೌದಿಯ ಮಾತು ಬಂತಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಚಳಿಗಾಲಕ್ಕೆ ಹೊಸದಾಗಿ ಸಂಸಾರ ಹೂಡಿದ ಮಕ್ಕಳು ಅಂಗಡಿಗೆ ಹೋಗಿ ಕೈ ಹಾಕಿದರೆ ಜಾರುವಂಥ ನುಣುಪಾದ ದಪ್ಪ ರಗ್ಗು ತರುತ್ತಾರೆ, ಒಂದೇ ರಗ್ಗಿನಲ್ಲಿ ನಡುಗುತ್ತಾರೆ. ಮೈ ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಪದರಗಳ ನಡುವೆ ನಿಂತ ಗಾಳಿ. ನಮ್ಮ ಕೌದಿಯಲ್ಲಿ ಐದಾರು ಪದರ ಹಳೆಯ ನೂಲಿನ ಸೀರೆ, ಧೋತರ ಇರುತ್ತವೆ. ಕೌದಿ ಹೊಲಿಯುವ ಹೆಣ್ಣುಮಕ್ಕಳು ಈಗಲೂ ಓಣಿಗೆ ಬರುತ್ತಾರೆ. ಅವರಿಗೆ ಬಟ್ಟೆ ಕೊಡುವಾಗ ಪಾಲಿಯೆಸ್ಟರ್ ಸೀರೆಯನ್ನು ಒಳಗೆ ತುರುಕಬೇಡಿ. ಅದು ಬೆವರು ಹೀರುವುದಿಲ್ಲ, ಒಗೆದಾಗ ಒಳಗೇ ಸರಿದು ಗಂಟಾಗುತ್ತದೆ. ನೂಲಿನ ಸೀರೆಯಾದರೂ ಪಿಸಿಯುವಷ್ಟು ಜೀರ್ಣವಾಗಿದ್ದರೆ ನಡುವಿನ ಪದರಕ್ಕೆ, ಗಟ್ಟಿ ಇದ್ದದ್ದು ಮೇಲಕ್ಕೆ.

ಮತ್ತೊಂದು ಮಾತನ್ನು ನಾನು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ: ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು. ಗ್ರಾನೈಟ್ ಹಾಕಿಸಿದ ಮನೆಯಲ್ಲಿ ನೆಲದ ಮೇಲೆ ಒಂದು ಚಾಪೆ ಹಾಸಿ, ಮೈಮೇಲೆ ಮೂರು ಹೊದ್ದರೆ ಬೆನ್ನು ಹಿಡಿಯದೆ ಇರುತ್ತದೆಯೇ? ಮೇಲಿಗಿಂತ ಕೆಳಗೆ ಹೆಚ್ಚು, ಇದು ಲೆಕ್ಕ. ನಮ್ಮಲ್ಲಿ ಮೊದಲು ನವಲಗುಂದದ ಜಮಖಾನ, ಅದರ ಮೇಲೆ ಹಳೆಯ ಕೌದಿ, ಆಮೇಲೆ ಹಾಸಿಗೆ. ಹೊದೆಯುವಾಗ ಕೌದಿ ಮೈಗೆ, ಕುರಿ ಉಣ್ಣೆಯ ಕಂಬಳಿ ಅದರ ಹೊರಗೆ. ಕಂಬಳಿ ನೇರ ಮೈಗೆ ತಾಗಿದರೆ ಮಕ್ಕಳು ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾರೆ. ಹೊದಿಕೆಗಳನ್ನು ದಿನಾಲೂ ಮಧ್ಯಾಹ್ನದ ಬಿಸಿಲಿಗೆ ಒಂದು ತಾಸು ಹಾಕಿ, ಬಿಸಿಲು ಇರುವಾಗಲೇ ಮಡಿಚಿ ಒಳಗೆ ತನ್ನಿ. ಸಂಜೆಯವರೆಗೆ ಬಿಟ್ಟರೆ ತಂಪು ಹೀರಿಕೊಂಡು ಮೊದಲಿಗಿಂತ ಕೆಟ್ಟದಾಗುತ್ತದೆ. ಚಳಿಗಾಲದ ನಡುವೆ ಕೌದಿ ಒಗೆಯುವ ಸಾಹಸ ಮಾಡಬೇಡಿ. ನೆನೆದ ಕೌದಿಯನ್ನು ಇಬ್ಬರು ಹಿಂಡಿದರೂ ಮೂರು ದಿನ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಅದು ದೀಪಾವಳಿಗೆ ಮೊದಲೇ ಮುಗಿಯಬೇಕಾದ ಕೆಲಸ.

ಅಡುಗೆಮನೆಗೆ ಬಂದರೆ, ಚಳಿ ಮೊದಲು ಹಿಡಿಯುವುದು ಹಿಟ್ಟನ್ನು ಮತ್ತು ಹೆಪ್ಪನ್ನು. ಮೊಸರಿಗೆ ಹಾಲು ಉಗುರುಬೆಚ್ಚಗಿದ್ದರೆ ಬೇಸಿಗೆಯಲ್ಲಿ ಸಾಕು. ಈಗ ಇನ್ನೂ ತುಸು ಬಿಸಿ ಇರಲಿ, ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ತಡೆಯುವಷ್ಟು. ಹೆಪ್ಪು ಒಂದು ಚಮಚದ ಬದಲು ಎರಡು. ಪಾತ್ರೆಯನ್ನು ಜೋಳದ ಡಬ್ಬಿಯಲ್ಲಿ ಕುತ್ತಿಗೆಯವರೆಗೆ ಹುಗಿದಿಡಿ, ಬೆಳಗಾಗುವುದರೊಳಗೆ ಗಡ್ಡೆ ಮೊಸರು. ಇಡ್ಲಿ ಹಿಟ್ಟಿಗೆ ಉಪ್ಪನ್ನು ರಾತ್ರಿ ಹಾಕಬೇಡಿ, ಉಪ್ಪು ಹುಳಿಯನ್ನು ತಡೆಯುತ್ತದೆ. ಉಬ್ಬಿದ ಮೇಲೆ ಬೆಳಗ್ಗೆ ಹಾಕಿ. ರುಬ್ಬುವಾಗ ಬೆಚ್ಚನೆಯ ನೀರು, ಪಾತ್ರೆಗೆ ಯಜಮಾನರ ಹಳೆಯ ಸ್ವೆಟರ್. ಇಷ್ಟಕ್ಕೂ ಉಬ್ಬದಿದ್ದರೆ ಅಂದು ದೋಸೆ ಹೊಯ್ಯಿರಿ, ಸೋಡಾ ಹಾಕಬೇಡಿ.

ಸಜ್ಜೆಯ ಬಗ್ಗೆ ಒಂದು ಎಚ್ಚರಿಕೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಮೇಲೊಂದು ಬೆಣ್ಣೆ ಮುದ್ದೆ ಆಗಲೇಬೇಕು. ಮೈಗೆ ಕಾವು ಕೊಡುವ ಊಟ ಅದು. ಆದರೆ ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಮೇಲೆ ವಾರ ಕಳೆಯುತ್ತಲೇ ಹಿಟ್ಟು ಕಹಿಯಾಗುತ್ತ ಹೋಗುತ್ತದೆ. ಜೋಳದ ಹಿಟ್ಟಿನಂತೆ ತಿಂಗಳಿಗಾಗುವಷ್ಟು ಬೀಸಿಸಿ ಇಟ್ಟುಕೊಂಡು, ಆಮೇಲೆ ಗಿರಣಿಯವನನ್ನು ಬೈದವರನ್ನು ನೋಡಿದ್ದೇನೆ. ಅದರಲ್ಲಿ ನಾನೂ ಒಬ್ಬಳು. ಎರಡು ಸೇರಿಗಿಂತ ಹೆಚ್ಚು ಬೀಸಿಸಬೇಡಿ. ಗರಿಗರಿಯಾಗಿ ಒಣಗಿಸಿದ ಖಟಿ ರೊಟ್ಟಿಗೆ ಮಾತ್ರ ಈ ಒಣಹವೆ ವರದಾನ, ಒಮ್ಮೆ ಮಾಡಿ ಬುಟ್ಟಿಯಲ್ಲಿ ಜೋಡಿಸಿದರೆ ಮೆತ್ತಗಾಗುವ ಮಾತೇ ಇಲ್ಲ.

ಅಂಟಿನ ಉಂಡೆ ಕಟ್ಟುವವರು ಅಂಟನ್ನು, ಅಂದರೆ ತಿನ್ನುವ ಗೋಂದನ್ನು, ಕಡಲೆಕಾಳಿನಷ್ಟು ಚೂರು ಮಾಡಿ ಸಣ್ಣ ಉರಿಯಲ್ಲಿ ತುಪ್ಪದಲ್ಲಿ ಕರಿಯಬೇಕು. ದೊಡ್ಡ ಚೂರು ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿದು ಹಲ್ಲಿಗೆ ಮೆತ್ತುತ್ತದೆ. ಒಂದನ್ನು ಬೆರಳಲ್ಲಿ ಒತ್ತಿ ನೋಡಿ, ಪೂರ್ತಿ ಪುಡಿಯಾದರೆ ಆಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಅದು ಕೆಟ್ಟದ್ದಲ್ಲ. ಬಾಟಲಿಯನ್ನು ಒಲೆಯ ಮೇಲೆ ಇಡದೆ ಬಿಸಿನೀರಿನ ತಂಬಿಗೆಯಲ್ಲಿ ನಿಲ್ಲಿಸಿ. ಹಿಮ್ಮಡಿ ಒಡೆಯುವವರು ನಾಲ್ಕು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಜೇನುಮೇಣ ಕರಗಿಸಿ ಇಟ್ಟುಕೊಂಡು, ಮಲಗುವಾಗ ಕಾಲು ತೊಳೆದು ಹಚ್ಚಿ ನೂಲಿನ ಕಾಲುಚೀಲ ಹಾಕಿದರೆ ಸಾಕು.

ಈಗ ಹೇಳುವುದನ್ನು ಮಾತ್ರ ಕಿವಿಗೊಟ್ಟು ಕೇಳಿ. ನನ್ನ ಮೊದಲ ಬಾಣಂತನ ಡಿಸೆಂಬರಿನಲ್ಲಿ. ಕೋಣೆಯ ಕಿಟಕಿಗೆ ಗೋಣಿತಟ್ಟು ಬಡಿದು, ಮಂಚದ ಕೆಳಗೆ ಶೆಗಡಿಯಲ್ಲಿ ಇದ್ದಿಲು ಕೆಂಡ ಇಟ್ಟಿದ್ದರು. ಮೂರನೆಯ ದಿನ ತಲೆ ಸಿಡಿಯತೊಡಗಿತು, ಕೂಸು ಎದೆ ಹಿಡಿಯಲೊಲ್ಲದು. ಅತ್ತೆಯವರು ದೃಷ್ಟಿಯಾಯಿತೆಂದು ಮೆಣಸಿನಕಾಯಿ ಇಳಿ ತೆಗೆದರು. ನೋಡಲು ಬಂದ ಸೂಲಗಿತ್ತಿ ಮೂಗು ಮುಚ್ಚಿಕೊಂಡು ಒಳಗೆ ಬಂದು, ಒಂದು ಮಾತೂ ಆಡದೆ ಗೋಣಿತಟ್ಟು ಕಿತ್ತೆಸೆದು ಶೆಗಡಿಯನ್ನು ಅಂಗಳಕ್ಕೆ ಒಯ್ದಿಟ್ಟಳು. ಅರ್ಧ ತಾಸಿನಲ್ಲಿ ತಲೆನೋವು ಹೋಯಿತು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ನಿದ್ದೆ ತರಿಸುತ್ತದೆ, ಆಮೇಲೆ ಏಳಗೊಡುವುದಿಲ್ಲ. ಹೊಗೆ ಆಡದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಅನೇಕರಲ್ಲಿದೆ, ಅದೇ ತಪ್ಪು. ಶೆಗಡಿ ಅಂಗಳದಲ್ಲಿ ಅಥವಾ ಬಾಗಿಲು ತೆರೆದ ಪಡಸಾಲೆಯಲ್ಲಿ ಇರಲಿ, ಮಲಗುವ ಕೋಣೆಗೆ ಬೇಡ. ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಗಾಳಿಕಿಂಡಿ ಮುಚ್ಚಿಕೊಂಡು ಸ್ನಾನ ಮಾಡುವುದು ಜೀವದ ಜೊತೆ ಆಟ. ಗೀಸರ್ ಹಚ್ಚಿ ಬಕೆಟ್ ತುಂಬಿಸಿ, ಆರಿಸಿ, ಆಮೇಲೆ ಒಳಗೆ ಹೋಗಿ.

ವಯಸ್ಸಾದವರು ನಸುಕಿನ ಐದಕ್ಕೆ ಕೆಲಗೇರಿ ಕೆರೆಯ ಸುತ್ತ ಹೊರಡುವ ಹಟ ಬಿಡಿ. ಚಳಿಗೆ ರಕ್ತನಾಳ ಬಿಗಿದು ರಕ್ತದೊತ್ತಡ ಏರುತ್ತದೆ. ಹವಾಮಾನ ಇಲಾಖೆಯವರು ಬಯಲು ಸೀಮೆಯಲ್ಲಿ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಶೀತಗಾಳಿ ಎನ್ನುತ್ತಾರೆ. ನಮ್ಮ ಮುದಿ ಎದೆಗೆ 13 ಡಿಗ್ರಿಯೇ ಸಾಕು. ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿದ ಮೇಲೆ, ಕಿವಿ ಮುಚ್ಚಿಕೊಂಡು ಹೊರಡಿ.

ಇಬ್ಬನಿಯ ಮಾತಿಗೆ ಇನ್ನೊಂದು ಸೇರಿಸುತ್ತೇನೆ, ಈಗಿನವರಿಗೆ ಗೊತ್ತಿರಲಾರದು. ಕಡಲೆ ಹೊಲದಲ್ಲಿ ಗಿಡದ ಮೇಲೆ ರಾತ್ರಿ ಮಗ್ಗದ ಧೋತರ ಹಾಸಿ, ಬೆಳಗ್ಗೆ ಸೂರ್ಯ ಮೂಡುವ ಮೊದಲು ಹಿಂಡುತ್ತಿದ್ದರು. ಕಡಲೆ ಎಲೆಯ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿದಿರುತ್ತಿತ್ತು. ಹಿಂಡುವ ಕೈ ಚುರುಗುಟ್ಟುತ್ತಿತ್ತು. ನಮ್ಮ ಅವ್ವ ಅದನ್ನು ಗಾಜಿನ ಬಾಟಲಿಯಲ್ಲಿ ಇಟ್ಟು ಹೊಟ್ಟೆ ಉಬ್ಬರಕ್ಕೆ ನೀರಿನಲ್ಲಿ ನಾಲ್ಕು ಹನಿ ಕೊಡುತ್ತಿದ್ದಳು. ಮೋಡದ ರಾತ್ರಿ ಹಾಸಿದ ಧೋತರ ಬೆಳಗ್ಗೆ ಒಣಗಿಯೇ ಇರುತ್ತಿತ್ತು. ಅಂಥ ದಿನ ಅಪ್ಪ ಮಾತಾಡದೆ ಬಟ್ಟೆ ಮಡಿಚಿಕೊಂಡು ಬರುತ್ತಿದ್ದ. ಈಗ ಕಾಯಿಕೊರಕಕ್ಕೆ ಔಷಧಿ ಹೊಡೆಯದ ಕಡಲೆ ಹೊಲ ಸಿಗುವುದು ಕಷ್ಟ, ಹಾಗಾಗಿ ಇದನ್ನು ಮಾಡಿ ಎಂದು ಹೇಳುತ್ತಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗಂತೂ ಆ ಹುಳಿ ಬೇಡವೇ ಬೇಡ.

ಕೊನೆಗೆ ಜನವರಿ ಹತ್ತರ ರಾತ್ರಿ ಮೋಡ ಹರಿಯಿತು. ಬೆಳಗಿನ ನಾಲ್ಕಕ್ಕೆ ಎದ್ದು ಹಿತ್ತಲ ಬಾಗಿಲು ತೆರೆದರೆ ಮೂಗಿನ ತುದಿ ಚುರುಕ್ ಎಂದಿತು. ಕುಸುರೆಳ್ಳಿನ ಶೆಗಡಿ ಹೊತ್ತಿಸಿದೆ.

ಅರ್ಧ ವಾಟಗ, ಅಂದರೆ ಅರ್ಧ ಬಟ್ಟಲು, ಎಳ್ಳಿಗೆ ಎರಡು ವಾಟಗ ಸಕ್ಕರೆ ಹಿಡಿಯುತ್ತದೆ. ಸಕ್ಕರೆಗೆ ಅರ್ಧದಷ್ಟು ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ತೆಗೆದು, ಬಟ್ಟೆಯಲ್ಲಿ ಸೋಸಿ. ಪಾಕ ಎಳೆ ಬರುವ ಮುನ್ನ, ಬೆರಳಿಗೆ ಅಂಟು ಹತ್ತುವಾಗಲೇ ಇಳಿಸಬೇಕು. ಕೆಂಡದ ಮೇಲೆ ಬೂದಿ ಮುಚ್ಚಿ, ಅಗಲ ಹಿತ್ತಾಳೆ ಪರಾತ ಇಟ್ಟು, ಹುರಿದ ಎಳ್ಳು ಹಾಕಿ ಅರ್ಧ ಚಮಚ ಪಾಕ ಬಿಡಿ. ಮೂರು ಬೆರಳ ತುದಿಯಿಂದ ಸುತ್ತ ಆಡಿಸುತ್ತಿರಿ. ಒತ್ತಬಾರದು, ಉಜ್ಜಬಾರದು, ಮಗುವಿನ ತಲೆ ಸವರಿದ ಹಾಗೆ. ಒಣಗಿ ಸರಸರ ಸದ್ದು ಬಂದ ಮೇಲೆ ಮತ್ತೆ ಅರ್ಧ ಚಮಚ. ಅವಸರಪಟ್ಟು ಒಂದು ಚಮಚ ಬಿಟ್ಟರೆ ಎಳ್ಳು ಜೋಡಿ ಜೋಡಿಯಾಗಿ ಅಂಟಿಕೊಂಡು ಹಾಳು. ಪರಾತದ ತಳದಲ್ಲಿ ಬೀಳುವ ಸಕ್ಕರೆಪುಡಿಯನ್ನು ಆಗಾಗ ಜರಡಿ ಹಿಡಿದು ತೆಗೆಯದಿದ್ದರೆ ಅದೇ ಮೆತ್ತಿಕೊಂಡು ಮುಳ್ಳು ಮೊಂಡಾಗುತ್ತದೆ.

ಮೊದಲ ದಿನ ಎಳ್ಳಿಗೆ ಬರೀ ಹೊಳಪು ಬರುತ್ತದೆ. ಎರಡನೆಯ ದಿನ ಮೈ ತರಿತರಿ. ಮೂರನೆಯ ದಿನ ನಸುಕಿನಲ್ಲಿ, ಒಣಚಳಿ ಬಿಗಿಯಾಗಿ ಇದ್ದರೆ, ಒಂದೊಂದು ಕಾಳಿನ ಮೈಮೇಲೂ ಸೂಜಿಮೊನೆಯಂಥ ಬಿಳಿ ಮುಳ್ಳು ಏಳುತ್ತದೆ. ಹವೆಯಲ್ಲಿ ತೇವ ಇದ್ದರೆ ಏಳುವುದಿಲ್ಲ, ಎಷ್ಟು ಕೈಚಳಕ ಇದ್ದರೂ ಅಷ್ಟೇ. ಅದಕ್ಕೇ ನಾನು ಮೋಡವನ್ನು ಬೈಯುತ್ತ ಕೂತಿದ್ದು. ಫ್ಯಾನ್ ಹಾಕಿಯೋ ಗ್ಯಾಸಿನ ಮೇಲೆ ದೊಡ್ಡ ಉರಿ ಮಾಡಿಯೋ ಮಾಡಿದ್ದನ್ನು ನೋಡಿದ್ದೇನೆ, ಅದು ಸಕ್ಕರೆ ಹಚ್ಚಿದ ಎಳ್ಳು, ಕುಸುರೆಳ್ಳಲ್ಲ.

ಮೂರನೆಯ ದಿನದ ಪರಾತವನ್ನು ಮೊಬೈಲಿನಲ್ಲಿ ಮೊಮ್ಮಗನಿಗೆ ತೋರಿಸಿದೆ. “ಅಜ್ಜಿ, ನಿಮ್ಮಲ್ಲಿ ಹಿಮ ಬಿತ್ತು!” ಎಂದು ಕಿರುಚಿದ. ಅವರಲ್ಲಿ ಇನ್ನೂ ಬಿದ್ದಿರಲಿಲ್ಲ. ಮುಂದಿನ ತಿಂಗಳು ಅತ್ತ ಹೊರಟ ಪರಿಚಯದವರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಕುಸುರೆಳ್ಳು ದೂರ ಕಳಿಸುವವರಿಗೆ ಹೇಳುವುದಿಷ್ಟು: ಸ್ಟೀಲ್ ಡಬ್ಬಿಯನ್ನು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ಅದು ಆರಿದ ಮೇಲೆ ಕಂಠದವರೆಗೆ ತುಂಬಿ. ಅರ್ಧ ತುಂಬಿದರೆ ಕುಲುಕಾಡಿ ಮುಳ್ಳೆಲ್ಲ ಮುರಿದು ಪುಡಿಯಾಗುತ್ತದೆ. ಮೇಲೆ ಉಳಿದ ಜಾಗಕ್ಕೆ ಹತ್ತಿ ಒತ್ತಿ ಮುಚ್ಚಳ ಹಾಕಿ.