ಬೇಸ್ತವಾರದ ಕ್ವಿಜ್ ಕಟ್ಟುವ ಬಗೆ

ಅಪಾರ್ಟ್‌ಮೆಂಟ್ ಗುಂಪು, ಆಫೀಸಿನ ಗುಂಪು, ಹಳೇ ಕಾಲೇಜು ಗೆಳೆಯರ ಗುಂಪು ಎಲ್ಲೆಲ್ಲೂ ಬೆಳಗ್ಗೆ ಹತ್ತು ಪ್ರಶ್ನೆ ಹಾಕುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ವಾರದ ಹೆಸರನ್ನೂ ಇಡುತ್ತಾರೆ. ಒಳಗೆ ನೋಡಿದರೆ ಮಾತ್ರ ಅದೇ ಆಸ್ಟ್ರೇಲಿಯದ ರಾಜಧಾನಿ, ಅದೇ ನೈಲ್ ನದಿ. ವಾರ ಬರೀ ಬೋರ್ಡಾಗಿ ತೂಗಾಡುತ್ತಿದ್ದರೆ ಮೂರನೇ ವಾರಕ್ಕೆ ಜನ ಫಾರ್ಮ್ ತೆರೆಯುವುದನ್ನೇ ಬಿಡುತ್ತಾರೆ. ‘ಇವತ್ತು ಗುರುವಾರ’ ಅನ್ನುವುದೇ ಆಡುವವರಿಗೆ ಒಂದು ಸುಳಿವಾಗಬೇಕು. ಇಲ್ಲಿ ಗುರುವಾರವನ್ನೇ ಹಿಡಿದು ಹೇಳಿದೆ, ಉಳಿದ ಆರು ದಿನಕ್ಕೂ ದಾರಿ ಇದೇ.

ಸರಕು

ಮೊದಲು ಹೆಸರಿನಿಂದ ಶುರು ಮಾಡಿ. ಹಳೇ ಮೈಸೂರು ಸೀಮೆಯ ಬಾಯಲ್ಲಿ ಬೃಹಸ್ಪತಿ ಸವೆದು ಬೇಸ್ತವಾರ ಆಗಿದೆ. ತಮಿಳಿನ ವಿಯಾಳಕ್ಕಿಳಮೈ, ಮಲಯಾಳದ ವ್ಯಾಳಾಳ್ಚ, ಫ್ರೆಂಚಿನ ಜೂದಿ ಮೂರರಲ್ಲೂ ಇರುವುದು ಅದೇ ಗ್ರಹ. ಇಂಗ್ಲಿಷಿನ ಥರ್ಸ್‌ಡೇ ಮಾತ್ರ ಥಾರ್ ಹೆಸರಿನದು. ರೋಮನ್ನರ ಜೂಪಿಟರ್ ಇದ್ದ ಜಾಗದಲ್ಲಿ ಥಾರ್ ಕೂತದ್ದೇಕೆ? ಇಬ್ಬರೂ ಗುಡುಗು ಸಿಡಿಲಿನ ದೇವರು. ಇದು ಒಳ್ಳೆ ಪ್ರಶ್ನೆ. ಗೊತ್ತಿಲ್ಲದವರೂ ಯೋಚಿಸಿ ಮುಟ್ಟಬಹುದು, ಕ್ವಿಜ್ ಮಂದಿಯ ಮಾತಿನಲ್ಲಿ ‘ವರ್ಕೌಟ್’ ಆಗುತ್ತದೆ.

ಎರಡನೆಯದು ಗ್ರಹ. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು, ಅಂದರೆ ಒಂದು ರಾಶಿಗೆ ಹೆಚ್ಚುಕಡಿಮೆ ಒಂದು ವರ್ಷ. ಗುರು ಒಂದೊಂದು ರಾಶಿಗೆ ಬಂದಾಗ ಒಂದೊಂದು ನದಿಗೆ ಪುಷ್ಕರ, ಅಂದರೆ ನದಿಸ್ನಾನದ ಹಬ್ಬ. ಕಾವೇರಿ ಪುಷ್ಕರ ನಡೆದದ್ದು 2017ರಲ್ಲಿ, ತುಂಗಭದ್ರೆಯದು 2020ರಲ್ಲಿ. ‘ಒಂದೇ ನದಿಗೆ ಪುಷ್ಕರ ಮತ್ತೆ ಬರಲು 12 ವರ್ಷ ಏಕೆ?’ ಅಂತ ಕೇಳಿದರೆ ಪಂಚಾಂಗ ನೋಡುವ ಅಜ್ಜಿಗೂ ಖಗೋಳ ಓದುವ ಮೊಮ್ಮಗಳಿಗೂ ಸಮನಾದ ಅವಕಾಶ. ಇನ್ನೊಂದು ರತ್ನ: ಗೆಲಿಲಿಯೊ ದೂರದರ್ಶಕದಲ್ಲಿ ಗುರುವಿನ ಉಪಗ್ರಹಗಳನ್ನು ಮೊದಲು ಕಂಡದ್ದು 1610ರ ಜನವರಿ 7ರಂದು, ಅದೂ ಗುರುವಾರವೇ. ಅವತ್ತು ಕಂಡದ್ದು ಮೂರು ಚುಕ್ಕಿ. ನಾಲ್ಕನೆಯದು ಕೆಲವು ದಿನ ಬಿಟ್ಟು ಕಂಡಿತು. ‘ಮೊದಲ ರಾತ್ರಿಯೇ ನಾಲ್ಕು’ ಅಂತ ಬರೆದರೆ ಪ್ರಶ್ನೆ ಕೆಡುತ್ತದೆ.

ದಿನ ಕಟ್ಟಿಕೊಂಡ ಪದ್ಧತಿಗಳು ಬೇಗ ಮುಗಿಯುವ ಸರಕು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ, ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಗಳು 1935ರಿಂದ ಗುರುವಾರವೇ, ನಮ್ಮಲ್ಲಿ ರಾಯರ ಮಠದ ಸಾಲು. ವರ್ಷಕ್ಕೆ ಒಂದು ಸಲ ಬಳಸಿದರೆ ಸಾಕು.

ನಿಜವಾದ ಗಣಿ ಅಂದರೆ ತಾರೀಖುಗಳು. ಗಣರಾಜ್ಯ ಜಾರಿಗೆ ಬಂದ 1950ರ ಜನವರಿ 26, ರಾಜ್ಯ ಒಂದಾದ 1956ರ ನವೆಂಬರ್ 1, ಅದಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೋ ಓಡಲು ಶುರುವಾದ 2011ರ ಅಕ್ಟೋಬರ್ 20. ನಾಲ್ಕೂ ಗುರುವಾರ. ಈ ನಾಲ್ಕನ್ನು ಕೊಟ್ಟು ‘ಇವನ್ನು ಕಟ್ಟಿದ ದಾರ ಯಾವುದು?’ ಎಂದು ಕೇಳಿ, ಹತ್ತನೇ ಪ್ರಶ್ನೆ ಸಿದ್ಧ.

ವಾರ ತಾಳೆ ನೋಡುವುದು

ಅಂತರ್ಜಾಲದಲ್ಲಿ ಸಿಕ್ಕ ವಾರವನ್ನು ಹಾಗೇ ನಂಬಬೇಡಿ, ಕೈಲೆಕ್ಕ ಸುಲಭ. ಯಾವುದೇ ವರ್ಷದಲ್ಲಿ 4/4, 6/6, 8/8, 10/10, 12/12 ಒಂದೇ ವಾರ ಬೀಳುತ್ತವೆ. 9/5, 5/9, 11/7, 7/11 ಕೂಡ ಅದೇ ವಾರ. ತಿಂಗಳು ಮೊದಲೋ ತಾರೀಖು ಮೊದಲೋ ಅನ್ನುವ ಗೊಂದಲವೂ ಇಲ್ಲ. 1956ರಲ್ಲಿ ಆ ವಾರ ಬುಧವಾರ. ನವೆಂಬರ್ 7 ಬುಧವಾರ ಆದರೆ ಆರು ದಿನ ಹಿಂದಿನ ನವೆಂಬರ್ 1 ಗುರುವಾರ. 2011ರಲ್ಲಿ ಅದು ಸೋಮವಾರ: ಅಕ್ಟೋಬರ್ 10 ಸೋಮ, 17 ಸೋಮ, 20 ಗುರು. ಇಡೀ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರಸಮೇತ ಮರುಕಳಿಸುತ್ತದೆ. ಹಾಗಾಗಿ 1610ಕ್ಕೆ 2010ರ ಕ್ಯಾಲೆಂಡರ್ ನೋಡಿದರಾಯಿತು.

ಎಡವುವುದು ಎರಡು ಕಡೆ. ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬದಲಾದದ್ದು 1752ರಲ್ಲಿ. ಅದಕ್ಕೂ ಹಿಂದಿನ ಇಂಗ್ಲಿಷ್ ದಾಖಲೆಗಳ ತಾರೀಖಿಗೆ ಈ ಲೆಕ್ಕ ಹೊಂದುವುದಿಲ್ಲ. 1757ರ ಜೂನ್ 23ರ ಪ್ಲಾಸಿ ಕದನಕ್ಕೆ ಹೊಂದುತ್ತದೆ, ಅದೂ ಗುರುವಾರ. ಇನ್ನೊಂದು ಗಡಿಯಾರದ ತಕರಾರು. ಅಪೊಲೊ 11 ಚಂದ್ರನ ಮೇಲೆ ಇಳಿದಾಗ ಅಮೆರಿಕದಲ್ಲಿ 1969ರ ಜುಲೈ 20, ಭಾನುವಾರ. ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿ ಸೋಮವಾರ, ಅಂದರೆ ಸೋಮನ ವಾರ! ಸೋಮವಾರದ ಕ್ವಿಜ್‌ಗೆ ಇದಕ್ಕಿಂತ ಏನು ಬೇಕು? ಆದರೆ ‘ಭಾರತೀಯ ಕಾಲಮಾನದಲ್ಲಿ’ ಎಂಬ ಎರಡು ಪದ ಬಿಟ್ಟರೆ ಜಗಳ ಗ್ಯಾರಂಟಿ.

ಪ್ರಶ್ನೆ ಬರೆಯುವುದು

ಹತ್ತರಲ್ಲಿ ಎರಡು ಸಿಟ್ಟರ್ (ಎಲ್ಲರಿಗೂ ಸುಲಭಕ್ಕೆ ಸಿಗುವ ಪ್ರಶ್ನೆ), ಐದು ನಡುಮಟ್ಟದ್ದು, ಎರಡು ಕಷ್ಟದ್ದು, ಕೊನೆಗೊಂದು ಕೊಂಡಿ ಹುಡುಕುವುದು. ಸಿಟ್ಟರ್ ಒಂದು ಮೊದಲಿಗೇ ಇರಲಿ, ಇನ್ನೊಂದು ಕಷ್ಟದ ಪ್ರಶ್ನೆಯ ಬೆನ್ನಿಗೆ. ಎರಡು ಕಷ್ಟದ್ದನ್ನು ಅಕ್ಕಪಕ್ಕ ಇಟ್ಟರೆ ಜನ ನಡುವೆಯೇ ಎದ್ದು ಹೋಗುತ್ತಾರೆ. ಸರಾಸರಿ ಐದಾರು ಅಂಕ ಬಂದರೆ ಹದ ಸರಿಯಾಗಿದೆ. ಒಂದು ಪ್ರಶ್ನೆ 40 ಪದ ಮೀರದಿರಲಿ. ಮೊಬೈಲ್ ಪರದೆ ಸರಿಸದೆ ಓದುವಂತಿರಬೇಕು.

ಒಂದು ಉದಾಹರಣೆ ನೋಡಿ. ‘ಸ್ವಾತಂತ್ರ್ಯ ಬಂದ ದಿನ ಯಾವ ವಾರ?’ ಗೊತ್ತಿದ್ದವರು ಹೇಳುತ್ತಾರೆ, ಇಲ್ಲದವರು ಏಳರಲ್ಲಿ ಒಂದನ್ನು ಒತ್ತುತ್ತಾರೆ. ತಿದ್ದಿದ ಮೇಲೆ: ‘1947ರ ಆಗಸ್ಟ್ 14ರ ರಾತ್ರಿ ನೆಹರೂ ಭಾಷಣಕ್ಕೆ ನಿಂತಾಗ ಗುರುವಾರ ಇನ್ನೂ ಮುಗಿದಿರಲಿಲ್ಲ. ಹಾಗಾದರೆ ಸ್ವತಂತ್ರ ಭಾರತದ ಮೊದಲ ಬೆಳಗು ಯಾವ ವಾರದ್ದು?’ ಉತ್ತರ ಶುಕ್ರವಾರವೇ, ಆದರೆ ಈಗ ಪ್ರಶ್ನೆ ಓದಿದವರಿಗೆ ದಾರಿ ಇದೆ. ಇದನ್ನು ಸಿಟ್ಟರ್ ಸಾಲಿಗೆ ಹಾಕಿ.

ಹಳಸುವ ಉತ್ತರಗಳನ್ನು ದೂರವಿಡಿ. ‘ಅತಿ ಹೆಚ್ಚು ಉಪಗ್ರಹ ಇರುವ ಗ್ರಹ’ ಅಂದರೆ ಹಳೇ ಪುಸ್ತಕಗಳಲ್ಲಿ ಗುರು. ನಡುವೆ ಶನಿಗಿಂತ ಹಿಂದೆ ಬಿದ್ದಿದ್ದ ಗುರು 2023ರ ಫೆಬ್ರವರಿಯಲ್ಲಿ 92ಕ್ಕೆ ಏರಿ ಮತ್ತೆ ಮುಂದೆ ಹೋಯಿತು, ಕೆಲವೇ ತಿಂಗಳಲ್ಲಿ ಶನಿ ಹಿಂದಿಕ್ಕಿತು, 2025ರಲ್ಲಿ ಶನಿಯ ಎಣಿಕೆ 274 ಮುಟ್ಟಿತು. ಕರ್ನಾಟಕದ ಜಿಲ್ಲೆ 30 ಅನ್ನುವ ಪುಸ್ತಕ ಇನ್ನೂ ಮಾರಾಟದಲ್ಲಿವೆ; ವಿಜಯನಗರ ಸೇರಿದ 2021ರಿಂದ 31. ಪ್ರಶಸ್ತಿಗಳಲ್ಲೂ ಹುಷಾರು. ಕಂಬಾರರಿಗೆ ಬಂದದ್ದು 2010ನೇ ಸಾಲಿನ ಜ್ಞಾನಪೀಠ, ಪ್ರಕಟವಾದದ್ದು 2011ರಲ್ಲಿ. ‘ಯಾವ ಸಾಲಿನ’ ಎಂದೇ ಕೇಳಬೇಕು. ಸರ್ ಎಂ.ವಿ. ಹುಟ್ಟಿದ ವರ್ಷ ಒಂದು ಕಡೆ 1860, ಇನ್ನೊಂದು ಕಡೆ 1861. ಅದನ್ನು ಕೇಳಲೇಬೇಡಿ, ಸೆಪ್ಟೆಂಬರ್ 15 ಯಾಕೆ ಎಂಜಿನಿಯರುಗಳ ದಿನ ಅಂತ ಕೇಳಿ.

ಹಾಕುವುದು

ವಾಟ್ಸಾಪ್ ಗುಂಪಿನ ಪೋಲ್‌ನಲ್ಲಿ ಯಾರು ಯಾವುದನ್ನು ಒತ್ತಿದರು ಅಂತ ಕಾಣುತ್ತದೆ. ಗುಂಪಿನ ಬುದ್ಧಿವಂತರು ಒತ್ತುವವರೆಗೆ ಉಳಿದವರು ಕಾಯುತ್ತಾರೆ. ಗೂಗಲ್ ಫಾರ್ಮ್ ವಾಸಿ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ, ಅಂಕ ಬಿಡುಗಡೆಯನ್ನು ‘ತಕ್ಷಣ’ ಇರುವಲ್ಲಿಂದ ‘ಆಮೇಲೆ’ಗೆ ಬದಲಿಸಿ. ಇದನ್ನು ಮರೆತರೆ ಮೊದಲು ಕಳಿಸಿದವರ ಸ್ಕ್ರೀನ್‌ಶಾಟ್ ಐದು ನಿಮಿಷದಲ್ಲಿ ಎಲ್ಲರ ಕೈಯಲ್ಲಿ.

ಟೈಪ್ ಮಾಡುವ ಉತ್ತರ ಕನ್ನಡದಲ್ಲಿ ದೊಡ್ಡ ತಲೆನೋವು. ಫಾರ್ಮ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೀವು ‘ಬೇಸ್ತವಾರ’ ಅಂತ ಇಟ್ಟು ಅವರು ‘ಬೇಸ್ತುವಾರ’ ಅಂದರೆ ಸೊನ್ನೆ. ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣದ ದೋಷ. ‘ರಾಜ್‌ಕುಮಾರ್’ ಅಂತ ಜ್ ಬಿಡಿಸಿ ತೋರಿಸಲು ನಡುವೆ ಒಂದು ಅದೃಶ್ಯ ಅಕ್ಷರ ಕೂರುತ್ತದೆ. ಕೆಲವು ಕೀಬೋರ್ಡ್ ಹಾಕುತ್ತವೆ, ಕೆಲವು ಹಾಕದೆ ‘ರಾಜ್ಕುಮಾರ್’ ಮಾಡುತ್ತವೆ, ‘ರಾಜಕುಮಾರ್’ ಬರೆಯುವವರೂ ಇದ್ದಾರೆ. ಮೂರನ್ನೂ ಸರಿಯುತ್ತರದ ಪಟ್ಟಿಗೆ ಸೇರಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ನಾಲ್ಕು ಆಯ್ಕೆ ಕೊಡಿ, ನಾಲ್ಕೂ ಒಂದೇ ಜಾತಿಯವು, ಹೆಚ್ಚುಕಡಿಮೆ ಒಂದೇ ಉದ್ದದವು. ಸರಿಯುತ್ತರ ಮಾತ್ರ ವಿವರವಾಗಿ, ಉದ್ದವಾಗಿ ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು.

ಬೆಳಗ್ಗೆ 7.30ಕ್ಕೆ ಹಾಕಿದರೆ ಮೆಟ್ರೋ, ಬಸ್ಸಿನಲ್ಲಿ ಹೋಗುವವರಿಗೆ ಸರಿಹೋಗುತ್ತದೆ. ರಾತ್ರಿ 9ಕ್ಕೆ ಮುಚ್ಚಿ, ಉತ್ತರದ ಜೊತೆ ಒಂದೊಂದು ಸಾಲಿನ ಕಾರಣ ಕೊಡಿ. ಪ್ರಶ್ನೆಯೇ ತಪ್ಪಿದ್ದರೆ ಎಲ್ಲರಿಗೂ ಆ ಅಂಕ ಕೊಟ್ಟುಬಿಡಿ, ವಾದಕ್ಕೆ ಇಳಿಯಬೇಡಿ. ಕೇಳಿದ ಪ್ರಶ್ನೆ, ಉತ್ತರ, ತಾರೀಖು, ಎಷ್ಟು ಜನ ಸರಿ ಹೇಳಿದರು ಎಂಬ ನಾಲ್ಕು ಕಾಲಂನ ಶೀಟ್ ಇಟ್ಟುಕೊಳ್ಳಿ. ಬುಧವಾರ ರಾತ್ರಿಯೇ ಆಟದಲ್ಲಿಲ್ಲದ ಒಬ್ಬರಿಗೆ ಹತ್ತೂ ಪ್ರಶ್ನೆ ಕಳಿಸಿ. ಅವರು ‘ಇದಕ್ಕೆ ಇನ್ನೊಂದು ಉತ್ತರವೂ ಆಗುತ್ತಲ್ಲ’ ಅಂದ ಪ್ರಶ್ನೆಯನ್ನು ಬೆಳಗಾಗುವಷ್ಟರಲ್ಲಿ ಬದಲಿಸಿ.